ಗಲ್ಲಾದ ಹಿಂದೆ ಒಂದು ಕತೆಯಿದೆ: ಮುಂಬಯಿ ಕನ್ನಡಿಗರಾದ ನಮ್ಮ ಹೋಟೆಲು, ಅಂಗಡಿ, ಸಂಘಗಳಿಗೊಂದು ಸಮಗ್ರ ಮಾರ್ಗದರ್ಶಿ

‘ಗಣ್ಯರು ದೀಪ ಪ್ರಜ್ವಲಿಸಿ ಕಾರ್ಯಕ್ರಮಕ್ಕೆ ಚಾಲನೆ ನೀಡಿದರು. ಸಾಧಕರನ್ನು ಶಾಲು ಹೊದಿಸಿ, ಫಲಪುಷ್ಪ ನೀಡಿ ಗೌರವಿಸಲಾಯಿತು. ವೇದಿಕೆಯಲ್ಲಿ ಪದಾಧಿಕಾರಿಗಳು ಉಪಸ್ಥಿತರಿದ್ದರು.’

ಈ ಮೂರು ವಾಕ್ಯಗಳನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಡೊಂಬಿವಲಿ ಲೋಕಲಿನಲ್ಲಿ ನಿಂತುಕೊಂಡೇ ಮೂರು ಸಂಘಗಳ ವರದಿಯನ್ನು ಒಂದೇ ಅಚ್ಚಿನಲ್ಲಿ ಹೊಯ್ದು ಕಳಿಸಿದ್ದೂ ಇದೆ. ಹೆಸರು ಬದಲಿಸಿದರೆ ಮುಗಿಯಿತು. ಪತ್ರಿಕೆಯಲ್ಲಿ ಬಂದ ಮೇಲೆ ಓದುವವರು ಯಾರು? ಪಟ್ಟಿಯಲ್ಲಿ ಹೆಸರಿದ್ದವರು ತಮ್ಮ ಹೆಸರು ಇದೆಯೇ ಎಂದು ನೋಡುತ್ತಾರೆ. ಬಿಟ್ಟುಹೋದವರು ಫೋನ್ ಮಾಡಿ ಬೈಯುತ್ತಾರೆ. ಉಳಿದವರು ಪುಟ ತಿರುಗಿಸುತ್ತಾರೆ.

ಹೋಟೆಲುಗಳದೂ ಇದೇ ಹಾಡು. ‘ಶುಚಿ, ರುಚಿ, ತ್ವರಿತ ಸೇವೆ’, ಜೊತೆಗೆ ಸ್ಥಾಪನೆಯ ಇಸವಿ. ಇಸವಿ ಹೇಳಿ ಈ ಊರಿನಲ್ಲಿ ಗೆಲ್ಲುವುದು ಕಷ್ಟ. ಮಾಟುಂಗಾದಲ್ಲಿ ಕೆಫೆ ಮದ್ರಾಸ್ 1940ರದ್ದು, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಸಂಘಗಳಿಗೆ ಬಂದರೆ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿದ್ದು, ಮೈಸೂರು ಅಸೋಸಿಯೇಷನ್ 1926ರಲ್ಲಿ. ನಿಮ್ಮ ‘ಮೂವತ್ತು ವರ್ಷಗಳ ಅವಿರತ ಸೇವೆ’ ಅವರ ಮುಂದೆ ಇನ್ನೂ ಮೀಸೆ ಮೂಡದ ಹುಡುಗ.

ಹಾಗಾದರೆ ಏನು ಹೇಳಬೇಕು? ಒಬ್ಬ ಮನುಷ್ಯನ, ಒಂದು ಗಳಿಗೆಯ, ಒಂದು ವಸ್ತುವಿನ ಕತೆ. ಅದನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ನಿಮ್ಮ ಅಡುಗೆಮನೆಯಲ್ಲೋ ಸಂಘದ ಕಪಾಟಿನಲ್ಲೋ ಈಗಾಗಲೇ ಬಿದ್ದುಕೊಂಡಿದೆ. ಹೆಕ್ಕಿ ತೆಗೆದು, ಒರೆಸಿ, ಸರಿಯಾದ ಕಡೆ ಇಡುವ ಕೆಲಸ ಹೇಗೆ ಎಂಬುದನ್ನು ನಾನು ಮಾಡಿದ ಕ್ರಮದಲ್ಲೇ, ಎಡವಿದ್ದನ್ನೂ ಸೇರಿಸಿ, ಹೇಳುತ್ತೇನೆ.

ಹೆಜ್ಜೆ 1: ಯಾರ ಎದುರು ಕೂತು ಹೇಳುತ್ತೀರಿ?

‘ಸಮಸ್ತ ಕನ್ನಡಿಗರಿಗೆ’ ಎಂದು ಹೇಳಿದ್ದು ಯಾರಿಗೂ ಹೇಳಿದಂತಾಗುವುದಿಲ್ಲ. ಮುಂಬಯಿಯಲ್ಲಿ ನಮ್ಮ ಕೇಳುಗರು ಹೆಚ್ಚುಕಡಿಮೆ ನಾಲ್ಕು ತರದವರು. ಊರಿನಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹಿರಿಯರು ಒಂದು. ಇಲ್ಲೇ ಹುಟ್ಟಿ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಕೊಂಕಣಿಯನ್ನೋ ಮಾತಾಡಿದರೂ ಕನ್ನಡ ಲಿಪಿ ಓದಲು ಬಾರದ ಅವರ ಮಕ್ಕಳು ಇನ್ನೊಂದು. ಗಲ್ಲಾದ ಎದುರು ನಿಲ್ಲುವ ಮರಾಠಿ, ಗುಜರಾತಿ, ಹಿಂದಿ ಗಿರಾಕಿಗಳು ಮೂರನೆಯವರು. ಇಲ್ಲಿಂದ ಹೋಗುವ ದೇಣಿಗೆಯಲ್ಲಿ ದೇವಸ್ಥಾನ, ಶಾಲೆ ಕಟ್ಟುವ ಊರಿನ ಜನ ನಾಲ್ಕನೆಯವರು.

ಒಂದು ಕತೆಗೆ ಇವರಲ್ಲಿ ಒಬ್ಬರನ್ನು ಆರಿಸಿ. ಗುಂಪನ್ನಲ್ಲ, ಗುರುತಿರುವ ಒಬ್ಬ ವ್ಯಕ್ತಿಯನ್ನು. ನಾನು ಸಾಮಾನ್ಯವಾಗಿ ನನ್ನ ಅಕ್ಕನ ಮಗಳನ್ನು ಎದುರು ಕೂರಿಸಿಕೊಂಡಂತೆ ಬರೆಯುತ್ತೇನೆ. ಅವಳು ಠಾಣೆಯಲ್ಲಿ ಹುಟ್ಟಿದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ, ‘ಉಪಸ್ಥಿತರಿದ್ದರು’ ಎಂದರೆ ನಗುತ್ತಾಳೆ. ಅವಳಿಗಾದರೆ ಬರೆದು ಕಳಿಸುವುದಕ್ಕಿಂತ ಒಂದೂವರೆ ನಿಮಿಷದ ಧ್ವನಿ ಕಳಿಸುವುದೇ ಮೇಲು.

ಗಿರಾಕಿಗಳಿಗಾದರೆ ಮರಾಠಿಯಲ್ಲಿ ಬರೆಯಿಸಿ. 2022ರ ತಿದ್ದುಪಡಿಯ ಮೇಲೆ ಅಂಗಡಿಯ ಬೋರ್ಡಿನಲ್ಲಿ ದೇವನಾಗರಿಯ ಮರಾಠಿ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಾಗುವಂತಿಲ್ಲ ಎಂಬುದು ಹೇಗೂ ನಿಯಮ. ಬೋರ್ಡು ಹೇಗಿದ್ದರೂ ಬರೆಸುತ್ತೀರಿ, ಅದರ ಕೆಳಗೆ ಎರಡು ಸಾಲು ಕತೆಯನ್ನೂ ಸೇರಿಸಿದರೆ ಖರ್ಚು ಹೆಚ್ಚೇನೂ ಆಗುವುದಿಲ್ಲ. ಮರಾಠಿ ಬಲ್ಲ ನೆರೆಯವರಿಂದ ಒಮ್ಮೆ ತಿದ್ದಿಸಿ, ಸಾಕು.

ಹೆಜ್ಜೆ 2: ಬಾಯಿ ಮುಚ್ಚಿ ಕೇಳಿಸಿಕೊಳ್ಳಿ

ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಇದೆ, ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಸಭೆ ಕರೆದು ‘ನಮ್ಮ ಸಂಸ್ಥೆಯ ಕತೆ ಏನು’ ಎಂದು ಚರ್ಚಿಸಿದರೆ ಸಿಗುವುದು ಧ್ಯೇಯೋದ್ದೇಶಗಳ ಪಟ್ಟಿ. ಕತೆ ಸಿಗಬೇಕಾದರೆ ಒಬ್ಬೊಬ್ಬರ ಹತ್ತಿರ ಹೋಗಿ ಕೂರಬೇಕು.

ಘಾಟ್ಕೋಪರಿನ ಒಂದು ಹೋಟೆಲಿನವರು ಮೆನು ಕಾರ್ಡಿಗೆ ‘ನಮ್ಮ ಬಗ್ಗೆ’ ಅಂತ ಏನಾದರೂ ಬರೆದುಕೊಡಿ ಎಂದು ನನ್ನನ್ನು ಕರೆದಿದ್ದರು. ಮಾಲೀಕರು ಒಂದು ಗಂಟೆ ಮಾತಾಡಿದರು: ಎಷ್ಟು ಬ್ರಾಂಚು, ಯಾವ ಮಂತ್ರಿ ಬಂದಿದ್ದರು, ಯಾವ ಪ್ರಶಸ್ತಿ ಸಿಕ್ಕಿತು. ಬರೆದುಕೊಂಡೆ. ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ. ಮೂರೂವರೆಗೆ ಊಟದ ಗಲಾಟೆ ಇಳಿದ ಮೇಲೆ ಒಳಗೆ ಅಡುಗೆಯ ಭಟ್ಟರ ಹತ್ತಿರ ಹೋದೆ. ‘ಎಂತ ಕತೆ ಮಾರಾಯ್ರೆ, ಹಿಟ್ಟು ರುಬ್ಬುದು, ವಡೆ ಬಿಡುದು, ಅಷ್ಟೆ’ ಎಂದು ಬೆನ್ನು ತಿರುಗಿಸಿದರು. ಸುಮ್ಮನೆ ಒಂದು ಸ್ಟೂಲ್ ಎಳೆದುಕೊಂಡು ಕೂತೆ.

ಗ್ರೈಂಡರ್ ನಿಂತಿತು. ಭಟ್ಟರು ಸ್ಟೀಲ್ ಲೋಟವೊಂದರಲ್ಲಿ ನೀರು ತುಂಬಿ, ಉದ್ದಿನ ಹಿಟ್ಟನ್ನು ಬೆರಳ ತುದಿಯಲ್ಲಿ ಚಿಟಿಕೆಯಷ್ಟು ತೆಗೆದು ಅದಕ್ಕೆ ಬಿಟ್ಟರು. ಅದು ಮುಳುಗಿ ತಳ ಸೇರಿತು. ಏನೂ ಹೇಳದೆ ಗ್ರೈಂಡರ್ ಮತ್ತೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಚಿಟಿಕೆ. ಈ ಸಲ ಹಿಟ್ಟು ನೀರಿನ ಮೇಲೆ ಪುಟ್ಟ ಮೋಡದ ಹಾಗೆ ನಿಂತಿತು. ‘ಈಗ ಆಯ್ತು.’ ರುಬ್ಬುವಾಗ ಗಾಳಿ ಸೇರಿ ಹಿಟ್ಟು ಹಗುರಾದರೆ ತೇಲುತ್ತದೆ, ತೇಲಿದ ಹಿಟ್ಟಿನ ವಡೆ ಒಳಗೆ ಹೂವಾಗುತ್ತದೆ. ಊರಿನಲ್ಲಿ ಹಲವು ಅಡುಗೆಯವರಿಗೆ ಗೊತ್ತಿರುವ ಪರೀಕ್ಷೆಯೇ ಇದು. ಆದರೆ ಘಾಟ್ಕೋಪರಿನಲ್ಲಿ ವಡೆ ತಿನ್ನುವ ಗಿರಾಕಿಗೆ ಗೊತ್ತೇ? ‘ತೇಲದಿದ್ದರೆ?’ ಎಂದು ಕೇಳಿದೆ. ‘ತೇಲದಿದ್ದರೆ ವಡೆ ಇಲ್ಲ. ಶೆಟ್ರು ಬೈಲಿ ಬೇಕಾದ್ರೆ.’

ಕತೆ ಅಲ್ಲೇ ಸಿಕ್ಕಿತು. ಮಂತ್ರಿ, ಪ್ರಶಸ್ತಿ, ಬ್ರಾಂಚು ಎಲ್ಲ ಬಿಟ್ಟು ಮೆನು ಕಾರ್ಡಿನ ಹಿಂಬದಿಗೆ ಆ ಲೋಟದ ಬಗ್ಗೆ ಆರು ಸಾಲು ಬರೆದುಕೊಟ್ಟೆ.

ಕೇಳುವಾಗ ಗಮನಿಸಬೇಕಾದದ್ದು ಪ್ರಶ್ನೆಯ ಆಕಾರ. ‘ನಿಮ್ಮ ಅನುಭವ ಹೇಳಿ’ ಎಂದರೆ ಭಾಷಣ ಬರುತ್ತದೆ. ಉತ್ತರದಲ್ಲಿ ಒಂದು ವಸ್ತು, ಒಂದು ಜಾಗ, ಒಂದು ಮೊತ್ತ ಬಂದೇ ಬರುವಂತೆ ಕೇಳಿ. ಮುಂಬಯಿಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ್ರಿ? ಮೊದಲ ಸಂಬಳದಲ್ಲಿ ಏನು ತಗೊಂಡ್ರಿ, ಊರಿಗೆ ಎಷ್ಟು ಕಳಿಸಿದ್ರಿ? ಯಾವ ಗಿರಾಕಿ ಬರದಿದ್ದರೆ ನಿಮಗೆ ಯೋಚನೆಯಾಗುತ್ತದೆ? ಈ ಅಂಗಡಿಯಲ್ಲಿ ಯಾವ ಸಾಮಾನನ್ನು ಬಿಸಾಡಲು ಮನಸ್ಸು ಬರುವುದಿಲ್ಲ?

ಈ ಊರಿನಲ್ಲಿ ಎಂದೂ ಹುಸಿಯಾಗದ ಪ್ರಶ್ನೆಯೊಂದಿದೆ: ‘2005ರ ಜುಲೈ 26ರ ರಾತ್ರಿ ಎಲ್ಲಿದ್ರಿ?’ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದ ದಿನ ಅದು. ಲೋಕಲ್ ನಿಂತು ಜನ ಎದೆಯುದ್ದದ ನೀರಿನಲ್ಲಿ ನಡೆದು ಮನೆ ಸೇರಿದರು. ಆ ದಿನ ಹೋಟೆಲು ತೆರೆದಿಟ್ಟವರು, ಶಟರ್ ಎಳೆದು ಮಾಳಿಗೆ ಹತ್ತಿದವರು, ಸಂಘದ ಸಭಾಗೃಹದಲ್ಲಿ ಗುರುತಿಲ್ಲದವರಿಗೆ ಚಾಪೆ ಹಾಸಿದವರು, ಎಲ್ಲರ ಹತ್ತಿರವೂ ಹೇಳಲು ಏನೋ ಒಂದು ಇದೆ. ಪರೇಲ್, ಲಾಲ್‌ಬಾಗ್ ಕಡೆಯ ಹಳಬರಾದರೆ 1982ರ ಬಟ್ಟೆ ಗಿರಣಿ ಮುಷ್ಕರದ ಬಗ್ಗೆ ಕೇಳಿ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಾಗ ಹೋಟೆಲಿನ ಉದ್ರಿ ಪುಸ್ತಕ ಏನಾಯಿತು ಎಂಬ ಒಂದೇ ಪ್ರಶ್ನೆ ಸಾಕು.

ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ. ಬರೆದುಕೊಳ್ಳುತ್ತಾ ಕೂತರೆ ಅವರು ನಿಮ್ಮ ಪೆನ್ನನ್ನು ನೋಡಿ ಪುಸ್ತಕದ ಭಾಷೆಗೆ ಹೊರಳುತ್ತಾರೆ. ಉತ್ತರ ಮುಗಿದಂತೆ ಕಂಡಾಗ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ, ಒಂದು ಕಟಿಂಗ್ ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿರಿ. ‘ಇನ್ನೊಂದು ಉಂಟು, ಆದರೆ ಬರಿಬೇಡಿ’ ಎಂದು ಶುರುವಾಗುವುದು ಆಗಲೇ. (ಬರೆಯಬೇಡಿ ಎಂದದ್ದನ್ನು ಬರೆಯಬೇಡಿ. ಆದರೆ ಉಳಿದದ್ದನ್ನು ಹೇಗೆ ಬರೆಯಬೇಕೆಂದು ಅದು ಕಲಿಸುತ್ತದೆ.)

ಹೆಜ್ಜೆ 3: ಕಟ್ಟುವುದು

ಸರಳವಾದ ಮೂಳೆಕಟ್ಟು ಇಷ್ಟೇ: ಒಬ್ಬರಿದ್ದರು, ಅವರಿಗೆ ಏನೋ ಬೇಕಿತ್ತು, ಅಡ್ಡಿ ಬಂತು, ಏನೋ ಮಾಡಿದರು, ಏನೋ ಬದಲಾಯಿತು. ಐದರಲ್ಲಿ ನಮ್ಮವರು ಬಿಟ್ಟುಬಿಡುವುದು ಮೂರನೆಯದನ್ನು. ಅಡ್ಡಿ ಹೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ. ಅಡ್ಡಿಯಿಲ್ಲದ ಕತೆ ಪ್ರಗತಿ ವರದಿ, ಅಷ್ಟೇ.

ಮೊತ್ತ ಚಿಕ್ಕದಾದಷ್ಟೂ ನೆನಪಿನಲ್ಲಿ ಉಳಿಯುತ್ತದೆ ಎಂಬುದಕ್ಕೆ ನಮ್ಮ ಮುಂಬಯಿಯಲ್ಲೇ ಸಾಕ್ಷಿಯಿದೆ. ಲಿಜ್ಜತ್ ಪಾಪಡ್ ಎಂದರೆ ಜನ ಹೇಳುವುದು ಅದರ ಇಂದಿನ ವಹಿವಾಟನ್ನಲ್ಲ, 1959ರಲ್ಲಿ ಗಿರ್ಗಾಂವಿನ ಕಟ್ಟಡವೊಂದರ ಮಾಳಿಗೆಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಹಪ್ಪಳ ಲಟ್ಟಿಸಿದ್ದನ್ನು. ಉಡುಪಿಯ ಹಿಂದಿನ ಸಿಂಡಿಕೇಟ್ ಬ್ಯಾಂಕಿನ ಹೆಸರು ಹೇಳಿದರೂ ಹಿರಿಯರ ಬಾಯಿಗೆ ಮೊದಲು ಬರುವುದು 1928ರಲ್ಲಿ ಶುರುವಾದ ಪಿಗ್ಮಿ ಉಳಿತಾಯ, ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೆ ಬರುವ ಏಜೆಂಟು. ನಿಮ್ಮ ಎರಡಾಣೆ ಯಾವುದು ಎಂದು ಹುಡುಕಿ.

ಇನ್ನು ಆರಂಭ. ವೇಷ, ಕುಣಿತವಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಮಾತುಗಾರನಾದ ಅರ್ಥಧಾರಿ ಗಟ್ಟಿಗನಾದರೆ ಅರ್ಧ ಗಂಟೆಯ ಪೀಠಿಕೆಯೂ ಸೊಗಸೇ, ಕೇಳಲೆಂದೇ ಜನ ಬಂದಿರುತ್ತಾರೆ. ವಾಟ್ಸ್‌ಆಪಿನಲ್ಲಿ ಓದುವವರು ಕೇಳಲೆಂದು ಬಂದವರಲ್ಲ, ಕುರ್ಲಾದಲ್ಲಿ ಇಳಿಯಲು ಬಾಗಿಲ ಹತ್ತಿರ ನಿಂತವರು. ಪೀಠಿಕೆ ಕಿತ್ತುಹಾಕಿ, ಪದ್ಯದಿಂದಲೇ, ಅಂದರೆ ನೇರ ಕತೆಯಿಂದಲೇ, ಶುರುಮಾಡಿ.

ಮಾಡಿ ತೋರಿಸುತ್ತೇನೆ. ಸಂಘಗಳ ವರದಿಯಲ್ಲಿ ಬರುವ ವಾಕ್ಯ ಇದು: ‘ಸಂಘದ ವತಿಯಿಂದ ಆರ್ಥಿಕವಾಗಿ ಹಿಂದುಳಿದ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ನೆರವು ವಿತರಿಸಲಾಯಿತು.’ ಇದನ್ನೇ ಹೀಗೆ ಹೇಳಬಹುದು:

‘ಕಾಲೇಜಿನ ಫೀಸಿನ ಚೀಟಿಯನ್ನು ಅವಳು ಹಳೇ ಗಣಿತ ಪುಸ್ತಕದೊಳಗೆ ಬಚ್ಚಿಟ್ಟಿದ್ದಳು. ಅಪ್ಪ ಕೆಲಸಕ್ಕಿದ್ದ ಕ್ಯಾಂಟೀನು ಮುಚ್ಚಿ ನಾಲ್ಕು ತಿಂಗಳಾಗಿತ್ತು. ರದ್ದಿಯವನು ಬಂದ ದಿನ ಪುಸ್ತಕ ತೂಕಕ್ಕೆ ಹಾಕುವಾಗ ಚೀಟಿ ಕೆಳಗೆ ಬಿತ್ತು. ಅಮ್ಮ ಮಗಳನ್ನು ಬೈಯಲಿಲ್ಲ. ಚೀಟಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಶನಿವಾರದ ಭಜನೆಗೆ ಬಂದರು. ಮಂಗಳಾರತಿ ಆದ ಮೇಲೆ ನಮ್ಮ ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯ ಕೈಗೆ ಕೊಟ್ಟರು.’

ತೋರಿಸಲೆಂದು ನಾನೇ ಕಟ್ಟಿದ್ದು ಇದು. ನೀವು ಬರೆಯುವುದರಲ್ಲಿ ಮಾತ್ರ ಒಂದು ಗೆರೆಯೂ ಕಟ್ಟಿದ್ದಾಗಿರಬಾರದು. ಗಮನಿಸಿ, ‘ಬಡ’ ಎಂಬ ಮಾತು ಎಲ್ಲೂ ಬಂದಿಲ್ಲ, ‘ಸಂಘದ ವತಿಯಿಂದ’ ಎಂಬುದೂ ಇಲ್ಲ. ಸಂಘ ಕೊನೆಗೆ ಬಂದಿದೆ, ಅದೂ ಒಬ್ಬ ಹೆಂಗಸಿನ ಕೈಯಾಗಿ. ಅಧ್ಯಕ್ಷರ ಹೆಸರು ಎಲ್ಲಿ ಎಂದು ಸಮಿತಿಯಲ್ಲಿ ಪ್ರಶ್ನೆ ಏಳುತ್ತದೆ, ಖಂಡಿತ. ಕೆಳಗೆ ಪ್ರತ್ಯೇಕ ಪೆಟ್ಟಿಗೆ ಕಟ್ಟಿ ಎಲ್ಲರ ಹೆಸರನ್ನೂ ಹಾಕಿಬಿಡಿ. ಜಗಳ ಮಾಡಿ ಪ್ರಯೋಜನವಿಲ್ಲ, ನಾನು ಮಾಡಿ ನೋಡಿದ್ದೇನೆ.

ಬರೆದ ಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದಲ್ಲಿ ವಾಕ್ಯ ಮುರಿಯಿರಿ. ಹೇಳಿದವರ ಮಾತನ್ನು ಗ್ರಂಥಸ್ಥ ಮಾಡಬೇಡಿ. ಭಟ್ಟರು ‘ರುಬ್ಬುದು’ ಎಂದಿದ್ದರೆ ಅದು ‘ರುಬ್ಬುವುದು’ ಆಗಬಾರದು.

ಹೆಜ್ಜೆ 4: ಒಪ್ಪಿಗೆ, ಸತ್ಯ, ಕಾನೂನು

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸ್ಮರಣ ಸಂಚಿಕೆ ನಾನು ನೋಡಿಕೊಳ್ಳುತ್ತಿದ್ದೆ. ನೆರವು ಪಡೆದ ಹುಡುಗನೊಬ್ಬ ಚೆಕ್ ಹಿಡಿದು ನಿಂತ ಫೋಟೋ ಚೆನ್ನಾಗಿ ಬಂದಿತ್ತು, ಅರ್ಧ ಪುಟಕ್ಕೆ ಹಾಕಿದೆವು. ಕೆಳಗೆ ‘ಬಡತನದಲ್ಲಿ ಅರಳಿದ ಪ್ರತಿಭೆ’ ಎಂದು ನಾನೇ ಬರೆದೆ. ಸಂಚಿಕೆ ಹೊರಬಂದ ಮರುವಾರ ಅವನ ತಾಯಿ ಫೋನ್ ಮಾಡಿದರು. ಕೋಪದ ಧ್ವನಿಯಲ್ಲ. ‘ಅಣ್ಣಾ, ದುಡ್ಡು ಕೊಟ್ರಿ, ಉಪಕಾರ ಆಯ್ತು. ನಮ್ಮ ಬಿಲ್ಡಿಂಗಿನವರಿಗೆಲ್ಲ ಯಾಕೆ ಹೇಳಿದ್ರಿ? ಇವನು ಕ್ಲಾಸಿಗೆ ಹೋಗಲ್ಲ ಅಂತಿದ್ದಾನೆ.’ ಉತ್ತರ ಹೊಳೆಯಲಿಲ್ಲ. ಆ ಪುಟವನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವೂ ಇರಲಿಲ್ಲ.

ಅಂದಿನಿಂದ ನಾನು ಪಾಲಿಸುವುದು: ಬರೆದದ್ದನ್ನು ಆ ವ್ಯಕ್ತಿಗೆ ಪೂರ್ತಿ ಓದಿ ಹೇಳುವುದು, ಎಲ್ಲೆಲ್ಲಿ ಹಾಕುತ್ತೇವೆ ಎಂದು ತಿಳಿಸುವುದು, ಬೇಡವೆನ್ನಲು ಎರಡು ದಿನ ಬಿಡುವು ಕೊಡುವುದು. ನೆರವು ಪಡೆಯುವವರು ಬೇಡ ಎನ್ನಲು ಹಿಂಜರಿಯುತ್ತಾರೆ, ಆದ್ದರಿಂದ ಹಣ ಕೈ ಸೇರಿದ ಮೇಲೆಯೇ ಕತೆ ಕೇಳಬೇಕು, ಮೊದಲಲ್ಲ. ಮಕ್ಕಳದಾದರೆ ಹೆತ್ತವರ ಬರಹದ ಒಪ್ಪಿಗೆ ಬೇಕೇ ಬೇಕು. ಹದಿನೆಂಟರ ಒಳಗಿನವರ ಡಿಜಿಟಲ್ ಮಾಹಿತಿಗೆ ಹೆತ್ತವರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹೇಳುತ್ತದೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ತಿಳಿಯುವಂತೆ ಪ್ರಕಟಿಸುವುದನ್ನಂತೂ 2015ರ ಬಾಲನ್ಯಾಯ ಕಾಯಿದೆ ನಿಷೇಧಿಸಿದೆ. ಹೆಸರು, ಊರು ಬದಲಿಸಿದ್ದರೆ ‘ಹೆಸರು ಬದಲಿಸಿದೆ’ ಎಂದು ಒಂದು ಸಾಲು ಹಾಕಿ.

ವ್ಯಾಪಾರದವರಿಗೆ ಇನ್ನೊಂದು ಎಚ್ಚರ. ‘ನಮ್ಮ ಕಷಾಯ ಕುಡಿದು ಒಬ್ಬರ ಸಕ್ಕರೆ ಕಾಯಿಲೆ ವಾಸಿಯಾಯಿತು’ ಎಂಬ ಕತೆ ಎಷ್ಟೇ ಮನಮುಟ್ಟುವಂತಿದ್ದರೂ ಹಾಕಬೇಡಿ. ಮಧುಮೇಹವೂ ಸೇರಿ ಹಲವು ಕಾಯಿಲೆಗಳಿಗೆ ಮದ್ದೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ತಡೆಯುತ್ತದೆ. ಅಜ್ಜಿ ಆ ಕಷಾಯವನ್ನು ಯಾವ ಮಣ್ಣಿನ ಮಡಕೆಯಲ್ಲಿ ಕುದಿಸುತ್ತಿದ್ದಳು ಎಂದು ಬರೆಯಿರಿ, ಅದನ್ನು ತಡೆಯುವವರಿಲ್ಲ.

ಹೆಜ್ಜೆ 5: ಎಲ್ಲಿ ಇಡುವುದು

ಕತೆ ಒಂದೇ, ಅಳತೆ ಬೇರೆ ಬೇರೆ. ಮೆನು ಕಾರ್ಡಿಗೆ ಐದಾರು ಸಾಲು. ಗೋಡೆಗೆ ಒಂದು ಫೋಟೋ, ಎರಡು ಸಾಲು. ವಿಡಿಯೋ ಮಾಡುವುದಾದರೆ ಮೊದಲ ನೋಟದಲ್ಲೇ ಕೈ ಕೆಲಸ ಮಾಡುತ್ತಿರಲಿ, ಲೋಗೋ ತಿರುಗುತ್ತಾ ಬರುವುದು ಬೇಡ. ಕನ್ನಡ ಓದಲು ಬಾರದವರಿಗಾಗಿ ಕೆಳಗೆ ಹಿಂದಿಯ ಅಥವಾ ಮರಾಠಿಯ ಸಾಲು ಓಡಲಿ.

ವಾಟ್ಸ್‌ಆಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಒಮ್ಮೆಲೇ ಕಳಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಎಲ್ಲರಿಗೂ ಹಾಕಿದೆ, ಒಬ್ಬರೂ ಬರಲಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇದೇ ಕಾರಣ. ಹಾಗಾಗಿ ಮೊದಲು ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಎದುರೇ ಹೇಳಿ.

ವಾರ್ಷಿಕೋತ್ಸವದ ವೇದಿಕೆ ನಮ್ಮಲ್ಲಿ ಎಲ್ಲಕ್ಕಿಂತ ಬಲವಾದ ಜಾಗ, ಎಲ್ಲಕ್ಕಿಂತ ಹೆಚ್ಚು ಹಾಳಾಗುವುದೂ ಅದೇ. ಸಭಾಗೃಹ ತುಂಬಿರುವುದು ಮಕ್ಕಳ ನೃತ್ಯದ ಹೊತ್ತಿಗೆ. ಸಭಾ ಕಾರ್ಯಕ್ರಮ ಶುರುವಾದಂತೆ ಜನ ಊಟದ ಸಾಲಿನ ಕಡೆ ಸರಿಯುತ್ತಾರೆ. ಎರಡು ನೃತ್ಯಗಳ ನಡುವೆ ಮೂರು ನಿಮಿಷ ಕೇಳಿಕೊಳ್ಳಿ. ಕಾಗದವಿಲ್ಲದೆ ಒಬ್ಬರು ಬಂದು ಒಂದೇ ಕತೆ ಹೇಳಿ ಇಳಿಯಲಿ. ಸ್ವಾಗತ, ಗಣ್ಯರ ಹೆಸರು, ಧನ್ಯವಾದ ಯಾವುದೂ ಬೇಡ.

ಹೆಜ್ಜೆ 6: ಒಂದನ್ನೇ ಕೇಳಿ

ಕತೆ ಕೇಳಿ ಮನಸ್ಸು ತುಂಬಿದವರಿಗೆ ಮುಂದೇನು ಮಾಡಬೇಕೆಂದು ತಿಳಿಯದಿದ್ದರೆ ಅವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ‘ತನು ಮನ ಧನದಿಂದ ಸಹಕರಿಸಿ’ ಎಂದರೆ ಏನೂ ಕೇಳಿದಂತಾಗಲಿಲ್ಲ. ‘ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಪುಸ್ತಕದ ಖರ್ಚು ಇಷ್ಟು, ಜೂನ್ 10ರ ಒಳಗೆ ಬೇಕು’ ಎಂದರೆ ಕೇಳಿದ ಹಾಗೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ನೋಂದಣಿ (80ಜಿ ಎಂದೇ ರೂಢಿಯ ಹೆಸರು) ಇದ್ದರೆ ರಸೀದಿಯ ಮಾತನ್ನೂ ಅಲ್ಲೇ ಹೇಳಿ.

ಇಲ್ಲಿ ಅಂಕಿಗಳ ಬಗ್ಗೆ ಒಂದು ಮಾತು. ಸ್ಮಾಲ್, ಲೊವೆನ್‌ಸ್ಟೀನ್, ಸ್ಲೋವಿಕ್ ಎಂಬ ಮೂವರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಐದು ಡಾಲರ್ ಕೊಟ್ಟು, ಅದರಲ್ಲಿ ಎಷ್ಟನ್ನು ದಾನ ಮಾಡುತ್ತೀರಿ ಎಂದು ಕೇಳಿದ್ದರು. ಮಾಲಿ ದೇಶದ ಏಳು ವರ್ಷದ ಹುಡುಗಿಯೊಬ್ಬಳ ವಿವರ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿ ಓದಿದವರು 1.14 ಡಾಲರ್. ನಮಗೆ ಮುಖ್ಯವಾದದ್ದು ಮೂರನೆಯ ಗುಂಪು. ಹುಡುಗಿ, ಅಂಕಿ ಎರಡನ್ನೂ ಓದಿದವರು ಕೊಟ್ಟದ್ದು 1.43 ಡಾಲರ್ ಮಾತ್ರ. ಕತೆಗೆ ಅಂಕಿ ಸೇರಿಸಿದರೆ ತೂಕ ಹೆಚ್ಚುತ್ತದೆ ಎಂದು ನಮ್ಮ ಖಜಾಂಚಿಗಳು ನಂಬಿದ್ದಾರೆ, ಆದರೆ ಆಗಿದ್ದು ಉಲ್ಟಾ. ಅಂಕಿಗಳನ್ನು ಮುಚ್ಚಿಡಿ ಎಂದಲ್ಲ. ಲೆಕ್ಕಪತ್ರ ಮಹಾಸಭೆಯಲ್ಲಿ ಇರಲಿ, ಕೇಳಿದವರಿಗೆ ಮರುದಿನ ಕಳಿಸಿ. ಚೀಟಿ ಬಚ್ಚಿಟ್ಟ ಹುಡುಗಿಯ ಪಕ್ಕದಲ್ಲಿ ಮಾತ್ರ ಇಡಬೇಡಿ.

ಹೆಜ್ಜೆ 7: ಗಲ್ಲಾದ ಪಕ್ಕ ಒಂದು ನೋಟ್‌ಬುಕ್ಕು

ಕೆಲಸ ಆಯಿತೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ನೂರು ಪುಟದ ನೋಟ್‌ಬುಕ್ಕು ಸಾಕು. ಹೊಸ ಮುಖ ಕಂಡರೆ ‘ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ ತಾರೀಕಿನೊಂದಿಗೆ ಅವರ ಮಾತಿನಲ್ಲೇ ಬರೆದಿಡಿ. ಸಂಘವಾದರೆ ದೇಣಿಗೆ ಕೊಟ್ಟವರಿಗೆ, ಸದಸ್ಯರಾದವರಿಗೆ ಇದೇ ಪ್ರಶ್ನೆ. ಲೈಕುಗಳ ಎಣಿಕೆಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ನಿಮ್ಮ ಕತೆಯನ್ನು ಜನ ತಮ್ಮ ಬಾಯಲ್ಲಿ ಹೇಗೆ ತಿರುಗಿಸಿ ಹೇಳುತ್ತಿದ್ದಾರೆ ಎಂಬುದು ಅಲ್ಲಿ ಕಾಣುತ್ತದೆ. ಆರು ತಿಂಗಳಾದರೂ ಯಾರ ಬಾಯಲ್ಲೂ ಬಾರದ ಕತೆಯನ್ನು ಗೋಡೆಯಿಂದ ಇಳಿಸಿ ಇನ್ನೊಂದನ್ನು ಹುಡುಕಿ.

ಘಾಟ್ಕೋಪರಿನವರೂ ಇಟ್ಟಿದ್ದರು. ಮಾರಾಟ ಎಷ್ಟು ಏರಿತು ಎಂದು ಕೇಳಬೇಡಿ. ಕಾರ್ಡು ಹಾಕಿದ್ದು ಶಾಲೆಗೆ ರಜೆ ಇದ್ದ ತಿಂಗಳು, ಲೋಟದಿಂದ ಬಂದವರೆಷ್ಟು, ರಜೆಯಿಂದ ಬಂದವರೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ನೋಟ್‌ಬುಕ್ಕಿನ ಎರಡನೇ ಪುಟದಲ್ಲಿ ಮಾಲೀಕರ ಕೈಬರಹದಲ್ಲಿ ಒಂದು ಸಾಲಿತ್ತು: ‘ಗುಜರಾತಿ ಫ್ಯಾಮಿಲಿ, ಮಗು ಹಿಟ್ಟು ತೇಲುವುದು ನೋಡಬೇಕು ಅಂತ ಹಟ.’ ಮುಂದಿನ ಪುಟಗಳಲ್ಲಿ ಅಂಥವು ಇನ್ನೂ ಕೆಲವು.

ಈಗ ಭಟ್ಟರ ಸ್ಟೀಲ್ ಲೋಟದ ಜಾಗಕ್ಕೆ ಗಾಜಿನದು ಬಂದಿದೆ, ಹೊರಗಿನಿಂದಲೇ ಕಾಣುವಂತೆ ಅಡುಗೆಮನೆಯ ಕಿಟಕಿಯಲ್ಲಿ. ಕಳೆದ ಸಲ ಹೋದಾಗ ನನ್ನನ್ನು ನೋಡಿ ಗೊಣಗಿದರು. ‘ಎಂತ ಮಾಡಿಟ್ರಿ ಮಾರಾಯ್ರೆ? ಇನ್ನು ಇದನ್ನು ತೋರಿಸ್ಲಿಕ್ಕೇ ಒಬ್ಬ ಹುಡುಗನನ್ನು ಇಡ್ಬೇಕಾ?’ ಹೇಳುತ್ತಲೇ ಕಿಟಕಿಗೆ ಮೂಗು ತಾಗಿಸಿ ನಿಂತಿದ್ದ ಮಗುವಿಗೆ ಕಾಣಲೆಂದು ಲೋಟವನ್ನು ಸ್ವಲ್ಪ ಈಚೆ ಸರಿಸಿದರು.